ತಜ್ಞರ ವರದಿ ಮತ್ತು ತಾಲ್ಲೂಕಿನ ಭಾಗ್ಯ

ಬಸವಣ್ಣನವರ ಜನ್ಮಭೂಮಿಯಾದ ಬಾಗೇವಾಡಿಯೂ ಅನುಭವ ಮಂಟಪದ ನೆಲೆಯಾದ ಕಲ್ಯಾಣವೂ ನಮ್ಮ ಮನೆಮನೆಗಳಲ್ಲಿ ನಿತ್ಯವೂ ನೆನೆಯಲ್ಪಡುವ ಸ್ಥಳಗಳು. ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ ಬರಬೇಕೆಂಬ ಹಂಬಲ ಎಷ್ಟೋ ಕುಟುಂಬಗಳಿಗೆ ಇರುತ್ತದೆ. ಆದರೆ 2002ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರಕ್ಕೆ ಸಲ್ಲಿಕೆಯಾದ ಒಂದು ವರದಿಯಲ್ಲಿ ಈ ಎರಡು ಊರುಗಳ ಹೆಸರೂ ಬೇರೊಂದು ಕಾರಣಕ್ಕಾಗಿ ಒಂದೇ ಪಟ್ಟಿಯಲ್ಲಿ ಸೇರಿಕೊಂಡವು. ಆ ಪಟ್ಟಿಯ ತಲೆಬರಹ ‘ಅತ್ಯಂತ ಹಿಂದುಳಿದ ತಾಲ್ಲೂಕುಗಳು’ ಎಂದಿತ್ತು. ಎಂಟು ಶತಮಾನಗಳ ಹಿಂದೆ ಜಗತ್ತಿಗೇ ಬೆಳಕು ತೋರಿದ ನೆಲದಲ್ಲಿ ಇಂದಿನ ಮಕ್ಕಳಿಗೆ ಶಾಲೆ, ಆಸ್ಪತ್ರೆ, ರಸ್ತೆ, ನೀರಾವರಿಗಳು ರಾಜ್ಯದ ಸರಾಸರಿಯ ಮಟ್ಟಕ್ಕೂ ದೊರೆಯುತ್ತಿಲ್ಲವೆಂಬ ಸತ್ಯವನ್ನು ಅಂಕಿಗಳಲ್ಲಿ ಬರೆದಿಟ್ಟ ವರದಿಯದು. ಅದನ್ನು ಸಿದ್ಧಪಡಿಸಿದವರು ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪನವರ ನೇತೃತ್ವದ ಸಮಿತಿಯವರು.

‘ಸಮಿತಿ’, ‘ಆಯೋಗ’, ‘ವರದಿ’ ಎಂಬ ಮಾತುಗಳನ್ನು ಪತ್ರಿಕೆಯಲ್ಲಿ ಕಂಡೊಡನೆ ಪುಟ ಮಗುಚುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಸರ್ಕಾರ ಒಂದು ಸಮಸ್ಯೆಯನ್ನು ಮುಂದೂಡಬೇಕಾದಾಗ ಸಮಿತಿ ನೇಮಿಸುತ್ತದೆ, ವರದಿ ಬಂದ ಮೇಲೆ ಅದನ್ನು ಧೂಳು ತಿನ್ನಲು ಬಿಡುತ್ತದೆ ಎಂಬ ಮಾತು ಹಳ್ಳಿಯ ಕಟ್ಟೆಯ ಮೇಲೂ ಕೇಳಿಬರುತ್ತದೆ. ಅದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೂ ಕೆಲವು ವರದಿಗಳು ಧೂಳನ್ನು ಕೊಡವಿಕೊಂಡು ಎದ್ದು ನಿಲ್ಲುತ್ತವೆ. ಊರಿಗೆ ಬರುವ ಹಣ, ಮಕ್ಕಳಿಗೆ ಸಿಗುವ ಕಾಲೇಜು ಸೀಟು, ಯುವಕರಿಗೆ ದೊರೆಯುವ ಉದ್ಯೋಗ ಇವುಗಳನ್ನು ಇಪ್ಪತ್ತು ವರ್ಷಗಳ ತನಕ ನಿರ್ಧರಿಸುತ್ತವೆ. ತಜ್ಞರ ಮಾತಿಗೆ ಇಂಥ ಬಲ ಎಲ್ಲಿಂದ ಬರುತ್ತದೆ? ಆ ಬಲದ ಮಿತಿ ಯಾವುದು? ಈ ಪ್ರಶ್ನೆಗಳನ್ನು ಪ್ರತಿಯೊಬ್ಬ ಗೃಹಸ್ಥನೂ ಗೃಹಿಣಿಯೂ ವಿಚಾರಿಸಿ ನೋಡುವುದು ಅವಶ್ಯ.

ಆಳುವವರು ಮತ್ತು ಅರಿತವರು

ಆಳುವವರು ಅರಿತವರ ಸಲಹೆ ಕೇಳುವುದು ಹೊಸ ಪದ್ಧತಿಯೇನಲ್ಲ. ಆದರೆ ಸಲಹೆ ನೀಡುವುದಕ್ಕಾಗಿಯೇ ಸಂಸ್ಥೆಗಳನ್ನು ಕಟ್ಟುವ ಕ್ರಮ ಬೆಳೆದದ್ದು ಹೆಚ್ಚಾಗಿ ಇಪ್ಪತ್ತನೆಯ ಶತಮಾನದಲ್ಲಿ. ಅಮೆರಿಕದ ಬ್ರೂಕಿಂಗ್ಸ್ ಸಂಸ್ಥೆಯ ಮೂಲ 1916ರಷ್ಟು ಹಿಂದಕ್ಕೆ ಹೋಗುತ್ತದೆ. ಇಂಥ ಸಂಸ್ಥೆಗಳಿಗೆ ಥಿಂಕ್ ಟ್ಯಾಂಕ್ ಎಂಬ ಹೆಸರು ಬಳಕೆಗೆ ಬಂದಿದೆ. ನಾವು ಚಿಂತನ ಸಂಸ್ಥೆಗಳೆನ್ನಬಹುದು. ಭಾರತದಲ್ಲಿ 1930ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆಯು ಈ ಸಾಲಿನ ಹಿರಿಯ ಸಂಸ್ಥೆಗಳಲ್ಲೊಂದು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಗೌರವಯುತವಾದ ಪರಂಪರೆಯಿದೆ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಆರ್ಥಿಕ ಸಮ್ಮೇಳನದ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿತ್ತು. ಕೃಷಿ, ಕೈಗಾರಿಕೆ, ಶಿಕ್ಷಣಗಳನ್ನು ಕುರಿತು ಅಧಿಕಾರಿಗಳೂ ಸಾರ್ವಜನಿಕರೂ ಒಟ್ಟಿಗೆ ಕುಳಿತು ಚರ್ಚಿಸುವ ವೇದಿಕೆ ಅದಾಗಿತ್ತು. 1913ರಲ್ಲಿ ಮೈಸೂರು ಬ್ಯಾಂಕೂ 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ ತಲೆಯೆತ್ತಿದ್ದು ಆ ಕಾಲದ ಚಿಂತನೆಯ ಬಲದಿಂದಲೇ. ಮುಂದೆ 1972ರಲ್ಲಿ ಡಾ. ವಿ.ಕೆ.ಆರ್.ವಿ. ರಾವ್ ಅವರು ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯನ್ನು ಸ್ಥಾಪಿಸಿದರು. ಐಸೆಕ್ ಎಂಬ ಕಿರುಹೆಸರಿನಿಂದ ಅದು ಪ್ರಸಿದ್ಧವಾಗಿದೆ. ರಾವ್ ಅವರು ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿ ಕೇಂದ್ರದ ಶಿಕ್ಷಣ ಸಚಿವರೂ ಆಗಿದ್ದವರು. ವಿದ್ವತ್ತೂ ಆಡಳಿತವೂ ಒಂದೇ ವ್ಯಕ್ತಿತ್ವದಲ್ಲಿ ಕೂಡಿದ್ದುದಕ್ಕೆ ಅವರು ಒಂದು ನಿದರ್ಶನ.

ಕೇಂದ್ರದಲ್ಲಿ 1950ರಿಂದ ಯೋಜನಾ ಆಯೋಗವು ತಜ್ಞರ ಮಾತಿಗೆ ಅಧಿಕೃತ ಪೀಠವಾಗಿತ್ತು; 2015ರಲ್ಲಿ ಅದರ ಸ್ಥಾನಕ್ಕೆ ನೀತಿ ಆಯೋಗ ಬಂದಿತು. ಇವೆಲ್ಲ ದೂರದ ದೆಹಲಿಯ ಮಾತುಗಳೆಂದು ತೋರಬಹುದು. ಆದ್ದರಿಂದ ನಮ್ಮ ಹೊಸ್ತಿಲಿನ ಸಮೀಪದ್ದೇ ಆದ ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ.

ಒಂದಾದ ನಾಡು, ಸಮನಾಗದ ಬಾಳು

1956ರ ನವೆಂಬರ್ 1ರಂದು ಕನ್ನಡಿಗರ ಬಹುಕಾಲದ ಕನಸು ನನಸಾಯಿತು. ಹಳೆಯ ಮೈಸೂರು, ಮುಂಬಯಿ ಪ್ರಾಂತದ ಬೆಳಗಾವಿ, ವಿಜಾಪುರ, ಧಾರವಾಡ, ಕಾರವಾರ ಭಾಗಗಳು, ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಗುಲ್ಬರ್ಗಾ, ರಾಯಚೂರುಗಳು, ಮದ್ರಾಸಿನ ದಕ್ಷಿಣ ಕನ್ನಡ, ಕೊಡಗು ಇವೆಲ್ಲ ಒಂದೇ ರಾಜ್ಯದ ಮಡಿಲಿಗೆ ಬಂದವು. ಬಳ್ಳಾರಿ 1953ರಲ್ಲಿಯೇ ಬಂದು ಸೇರಿತ್ತು. ಭಾಷೆ ಒಂದಾಗಿದ್ದರೂ ಈ ಭಾಗಗಳು ತಂದ ಆಸ್ತಿ ಮಾತ್ರ ಸಮನಾಗಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಹರಿದಿತ್ತು. 1916ರಲ್ಲಿ ವಿಶ್ವವಿದ್ಯಾನಿಲಯ ತೆರೆದಿತ್ತು. ಧಾರವಾಡಕ್ಕೆ ಕರ್ನಾಟಕ ವಿಶ್ವವಿದ್ಯಾಲಯ ದಕ್ಕಿದ್ದು 1949ರಲ್ಲಿ. ಗುಲ್ಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾಗಬೇಕಾದರೆ 1980 ಬರಬೇಕಾಯಿತು. ಒಂದೇ ಮನೆಯ ಮಕ್ಕಳಲ್ಲಿ ಹಿರಿಯನಿಗೂ ಕಿರಿಯನಿಗೂ ವಿದ್ಯೆಯ ಅವಕಾಶದಲ್ಲಿ ಅರುವತ್ತು ವರ್ಷಗಳ ಅಂತರವಿದ್ದಂತಾಯಿತು.

ಹೈದರಾಬಾದ್ ಕರ್ನಾಟಕದ ಕನ್ನಡಿಗರ ಸ್ಥಿತಿ ಇನ್ನೂ ಕಠಿಣವಾಗಿತ್ತು. ದೇಶವೆಲ್ಲ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯದ ಬಾವುಟ ಹಾರಿಸಿದರೆ, ಅವರು 1948ರ ಸೆಪ್ಟೆಂಬರ್ 17ರ ತನಕ ಕಾಯಬೇಕಾಯಿತು. ಉರ್ದುವೇ ಆಡಳಿತ ಮತ್ತು ಉನ್ನತ ಶಿಕ್ಷಣದ ಭಾಷೆಯಾಗಿದ್ದ ಆ ಸಂಸ್ಥಾನದಲ್ಲಿ ಕನ್ನಡದ ಮಗುವಿಗೆ ತನ್ನ ನುಡಿಯಲ್ಲಿ ಕಲಿಯುವ ದಾರಿ ಕಿರಿದಾಗಿತ್ತು.

ಸರ್ಕಾರ ಮಾಡದ ಕೆಲಸವನ್ನು ಸಮಾಜ ಕೈಗೆತ್ತಿಕೊಂಡದ್ದನ್ನು ಇಲ್ಲಿ ಸ್ಮರಿಸಬೇಕು. 1910ರಲ್ಲಿ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಕಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆ, 1916ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ಕೆ.ಎಲ್.ಇ. ಸಂಸ್ಥೆ, 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಗುಲ್ಬರ್ಗಾದಲ್ಲಿ ಸ್ಥಾಪಿಸಿದ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಇವು ವಿದ್ಯಾದಾಸೋಹದ ಮಹಾಮಾರ್ಗಗಳಾದವು. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದ ತಲೆಮಾರುಗಳು ನಮ್ಮ ಕಣ್ಣ ಮುಂದೆಯೇ ಇವೆ. ಆದರೂ ಒಂದು ಪ್ರದೇಶದ ನೀರಾವರಿ, ರಸ್ತೆ, ವಿದ್ಯುತ್ತು, ಆಸ್ಪತ್ರೆಗಳ ಭಾರವನ್ನೆಲ್ಲ ದಾನಿಗಳೂ ಮಠಗಳೂ ಹೊರಲಾರರು. ಅದು ರಾಜ್ಯದ ಬೊಕ್ಕಸದ ಕರ್ತವ್ಯ.

ಆ ಕರ್ತವ್ಯವನ್ನು ನೆನಪಿಸುವ ಕೂಗು ಹಲವು ಬಾರಿ ಎದ್ದಿತು. ಎಂಬತ್ತರ ದಶಕದ ಆರಂಭದಲ್ಲಿ ಧರ್ಮಸಿಂಗ್ ಅವರ ಅಧ್ಯಕ್ಷತೆಯ ಸಮಿತಿ ಹೈದರಾಬಾದ್ ಕರ್ನಾಟಕದ ಅಭಿವೃದ್ಧಿಯನ್ನು ಕುರಿತು ವರದಿ ನೀಡಿತು. ತೊಂಬತ್ತರ ದಶಕದ ಮೊದಲಲ್ಲಿ ಆ ಪ್ರದೇಶಕ್ಕಾಗಿ ಅಭಿವೃದ್ಧಿ ಮಂಡಳಿಯೂ ಬಂದಿತು. ಆದರೆ ವಾದವೆಲ್ಲ ‘ಉತ್ತರಕ್ಕೆ ಅನ್ಯಾಯವಾಗಿದೆ’, ‘ಇಲ್ಲ, ಆಗಿಲ್ಲ’ ಎಂಬ ಎರಡು ಮಾತುಗಳ ನಡುವೆ ತೂಗುತ್ತಿತ್ತು. ನೋವು ಎಷ್ಟೆಂದು ತೂಗುವ ತಕ್ಕಡಿ ಯಾರ ಬಳಿಯೂ ಇರಲಿಲ್ಲ.

ತಕ್ಕಡಿ ಹಿಡಿದ ಸಮಿತಿ

ಆ ತಕ್ಕಡಿಯನ್ನು ಸಿದ್ಧಪಡಿಸುವ ಹೊಣೆ 2000ದಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ರಚಿಸಿದ ಪ್ರಾದೇಶಿಕ ಅಸಮತೋಲನ ನಿವಾರಣಾ ಉನ್ನತಾಧಿಕಾರ ಸಮಿತಿಯ ಪಾಲಿಗೆ ಬಂದಿತು. ಅದರ ಅಧ್ಯಕ್ಷರಾದ ಡಾ. ನಂಜುಂಡಪ್ಪನವರು ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿದ್ದವರು. ರಾಜ್ಯದ ಯೋಜನೆ ಮತ್ತು ಹಣಕಾಸಿನ ಒಳಹೊರಗನ್ನು ಬಲ್ಲವರು. ತರಗತಿಯ ಅರ್ಥಶಾಸ್ತ್ರವನ್ನೂ ಸಚಿವಾಲಯದ ಅರ್ಥಶಾಸ್ತ್ರವನ್ನೂ ಅರಿತ ಇಂಥವರು ವಿರಳ.

ಸಮಿತಿ ಕೈಗೊಂಡ ಮೊದಲ ನಿರ್ಧಾರವೇ ಮಹತ್ತರವಾದದ್ದು. ಪ್ರದೇಶವನ್ನಾಗಲಿ ಜಿಲ್ಲೆಯನ್ನಾಗಲಿ ಅಳತೆಗೆ ಹಿಡಿಯದೆ ಅದು ತಾಲ್ಲೂಕನ್ನು ಹಿಡಿಯಿತು. ಜಿಲ್ಲೆಯ ಸರಾಸರಿಯಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆ, ಕಾಲೇಜುಗಳು ಅಂಚಿನ ತಾಲ್ಲೂಕಿನ ಬಡತನವನ್ನು ಮರೆಮಾಡಿಬಿಡುತ್ತವೆ. ಮನೆಯ ಒಟ್ಟು ಅಡುಗೆ ಎಷ್ಟೆಂದು ಕೇಳಿದರೆ ಕೊನೆಯ ಪಂಕ್ತಿಯವನ ಎಲೆಯಲ್ಲಿ ಏನು ಬಿದ್ದಿದೆಯೆಂದು ತಿಳಿಯುವುದಿಲ್ಲ. ಎಲೆ ಎಲೆಯನ್ನೂ ನೋಡಬೇಕು. ಅಂದಿನ 175 ತಾಲ್ಲೂಕುಗಳನ್ನು ಸಮಿತಿ ಹಾಗೆಯೇ ನೋಡಿತು.

ನೋಡಿದ ಬಗೆ ಹೀಗೆ: ಕೃಷಿ, ಕೈಗಾರಿಕೆ ಮತ್ತು ವ್ಯಾಪಾರ, ಆರ್ಥಿಕ ಸೌಕರ್ಯ, ಸಾಮಾಜಿಕ ಸೌಕರ್ಯ, ಜನಸಂಖ್ಯೆಯ ಲಕ್ಷಣ ಇವುಗಳಿಗೆ ಸಂಬಂಧಿಸಿದ 35 ಸೂಚಕಗಳನ್ನು ಆರಿಸಿಕೊಳ್ಳಲಾಯಿತು. ಪ್ರತಿ ಸೂಚಕದಲ್ಲಿಯೂ ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು ತಾಲ್ಲೂಕು ಅದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂದು ಲೆಕ್ಕ ಹಾಕಲಾಯಿತು. ಎಲ್ಲವನ್ನೂ ಅವುಗಳ ಮಹತ್ತ್ವಕ್ಕೆ ತಕ್ಕಂತೆ ಕೂಡಿಸಿದಾಗ ಪ್ರತಿ ತಾಲ್ಲೂಕಿಗೂ ಒಂದು ಸಮಗ್ರ ಸೂಚ್ಯಂಕ ದೊರೆಯಿತು. ಅದು 1ಕ್ಕಿಂತ ಕಡಿಮೆಯಿದ್ದರೆ ತಾಲ್ಲೂಕು ಹಿಂದುಳಿದದ್ದು. 0.89ರಿಂದ 0.99ರ ತನಕ ‘ಹಿಂದುಳಿದ’, 0.80ರಿಂದ 0.88ರ ತನಕ ‘ಅತಿ ಹಿಂದುಳಿದ’, 0.80ಕ್ಕಿಂತ ಕೆಳಗೆ ‘ಅತ್ಯಂತ ಹಿಂದುಳಿದ’ ಎಂದು ವರ್ಗೀಕರಣವಾಯಿತು.

ಫಲಿತಾಂಶ ಎಲ್ಲರನ್ನೂ ಚಿಂತೆಗೀಡು ಮಾಡುವಂಥದು. 175ರಲ್ಲಿ 114 ತಾಲ್ಲೂಕುಗಳು ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರ ಕರ್ನಾಟಕಕ್ಕೆ ಸೇರಿದವು. ಅವುಗಳಲ್ಲಿಯೂ 21 ಗುಲ್ಬರ್ಗಾ ವಿಭಾಗ ಒಂದರಲ್ಲೇ ಇದ್ದವು. ದೇವದುರ್ಗ, ಜೇವರ್ಗಿ, ಚಿಂಚೋಳಿ, ಔರಾದ, ಶಹಾಪುರ, ಯಲಬುರ್ಗಾ, ಕುಷ್ಟಗಿ, ಬಸವಕಲ್ಯಾಣ ಎಂದು ಆ ಪಟ್ಟಿ ಸಾಗುತ್ತದೆ. ವಿಜಾಪುರ ಜಿಲ್ಲೆಯಿಂದ ಬಸವನ ಬಾಗೇವಾಡಿಯ ಜೊತೆ ಇಂಡಿ, ಸಿಂದಗಿ, ಮುದ್ದೇಬಿಹಾಳಗಳು ಅಲ್ಲಿದ್ದವು.

ಆದರೆ ಅದೇ ತಕ್ಕಡಿ ಮತ್ತೊಂದು ಸತ್ಯವನ್ನೂ ತೋರಿತು. ಒಟ್ಟು 114ರಲ್ಲಿ ಉತ್ತರದವು 59 ಆದರೆ ದಕ್ಷಿಣದವು 55. ರಾಜಧಾನಿಯ ನೆರಳಿನಲ್ಲಿದ್ದ ತಾಲ್ಲೂಕುಗಳೂ ಹಿಂದುಳಿದಿದ್ದವು. ‘ಉತ್ತರ ವಿರುದ್ಧ ದಕ್ಷಿಣ’ ಎಂಬ ಕಹಿಯಾದ ಮಾತಿಗೆ ಈ ಅಂಕಿಗಳು ಶಾಂತವಾದ ಉತ್ತರ ಕೊಟ್ಟವು. ಹಸಿವು ಎರಡೂ ಕಡೆ ಇದೆ, ಉತ್ತರದಲ್ಲಿ ಅದರ ಆಳ ಹೆಚ್ಚು ಎಂಬುದೇ ಅದರ ಸಾರ. ತಜ್ಞನೊಬ್ಬ ಸಮಾಜಕ್ಕೆ ಮಾಡಬಹುದಾದ ದೊಡ್ಡ ಉಪಕಾರಗಳಲ್ಲಿ ಇದೊಂದು: ಜಗಳವನ್ನು ಲೆಕ್ಕಕ್ಕೆ ತರುವುದು.

ವರದಿಯಿಂದ ಬೊಕ್ಕಸದವರೆಗೆ

ರೋಗ ಹೇಳಿ ಸುಮ್ಮನಾಗದೆ ಸಮಿತಿ ಔಷಧವನ್ನೂ ಸೂಚಿಸಿತು. ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಯೊಂದನ್ನು ರೂಪಿಸಿ ಅದಕ್ಕೆ 31,000 ಕೋಟಿ ರೂಪಾಯಿಗಳ ಅಂದಾಜು ನೀಡಿತು. ಅದರಲ್ಲಿ 15,000 ಕೋಟಿ ನಡೆಯುತ್ತಿರುವ ಯೋಜನೆಗಳ ಮೂಲಕವೂ 16,000 ಕೋಟಿ ಹೆಚ್ಚುವರಿಯಾಗಿಯೂ ಬರಬೇಕು. ಒಟ್ಟು ಹಣದಲ್ಲಿ ಶೇಕಡಾ 40 ಗುಲ್ಬರ್ಗಾ ವಿಭಾಗಕ್ಕೆ, 20 ಬೆಳಗಾವಿಗೆ, 25 ಬೆಂಗಳೂರಿಗೆ, 15 ಮೈಸೂರಿಗೆ ಹೋಗಬೇಕು ಎಂಬುದು ಶಿಫಾರಸು. ಯೋಜನೆ 2003–04ರಲ್ಲಿ ಆರಂಭವಾಗಿ 2010–11ಕ್ಕೆ ಮುಗಿಯಬೇಕೆಂದು ಸಮಿತಿ ಬಯಸಿತ್ತು.

ಕಾರ್ಯರೂಪಕ್ಕೆ ಬಂದದ್ದು 2007–08ರಿಂದ. ಅಷ್ಟು ಹೊತ್ತಿಗೆ ಐದು ವರ್ಷಗಳು ಕಳೆದುಹೋಗಿದ್ದವು, ಡಾ. ನಂಜುಂಡಪ್ಪನವರೂ 2005ರಲ್ಲಿ ನಿಧನ ಹೊಂದಿದ್ದರು. ತಾವು ನೆಟ್ಟ ಸಸಿ ಚಿಗುರುವುದನ್ನು ಅವರು ಕಾಣಲಿಲ್ಲ. ಐದು ವರ್ಷ ಎಂದರೆ ಆಡಳಿತಕ್ಕೆ ಅಲ್ಪಕಾಲವಿರಬಹುದು. ಆದರೆ ಒಂದು ಹಳ್ಳಿಯಲ್ಲಿ ಐದನೆಯ ತರಗತಿಯಲ್ಲಿದ್ದ ಹುಡುಗಿ ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಬೇಕು, ಇಲ್ಲವೆ ಪ್ರೌಢಶಾಲೆ ದೂರವೆಂದು ಓದು ಬಿಟ್ಟು ಹತ್ತಿ ಬಿಡಿಸಲು ಹೋಗಬೇಕು. ಅವಳಿಗೆ ಆ ಐದು ವರ್ಷ ಮರಳಿ ಬರುವುದಿಲ್ಲ.

ಇಷ್ಟಾದರೂ ವರದಿಯ ಪ್ರಭಾವ ಕಡಿಮೆಯೇನಲ್ಲ. ವರ್ಷ ವರ್ಷದ ಮುಂಗಡಪತ್ರದಲ್ಲಿ ವಿಶೇಷ ಅಭಿವೃದ್ಧಿ ಯೋಜನೆಗೆ ಹಣ ಇಡುವ ಪರಿಪಾಠ ಎಂಟು ವರ್ಷಗಳ ಗಡಿ ದಾಟಿಯೂ ಮುಂದುವರಿಯಿತು. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದಲ್ಲಿಯೇ ವಿಶೇಷ ಸ್ಥಾನ ಬೇಕೆಂದು ವೈಜನಾಥ ಪಾಟೀಲರಂಥ ನಾಯಕರು ಬಹುಕಾಲ ನಡೆಸಿದ ಹೋರಾಟಕ್ಕೂ ಈ ಅಂಕಿಗಳು ಕೈದೀವಿಗೆಯಾದವು. 2012ರಲ್ಲಿ ಸಂಸತ್ತು ಅಂಗೀಕರಿಸಿದ 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿ ಸಂವಿಧಾನಕ್ಕೆ ಸೇರಿತು. ಅದರ ಅನ್ವಯ 2013ರಲ್ಲಿ ಹೊಸ ಮಂಡಳಿ ರಚನೆಯಾಯಿತು; ಆ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯ ವಿದ್ಯಾರ್ಥಿಗಳಿಗೆ ಶೇಕಡಾ 70 ಸೀಟುಗಳೂ ರಾಜ್ಯದ ಉಳಿದೆಡೆ ಶೇಕಡಾ 8 ಸೀಟುಗಳೂ ಮೀಸಲಾದವು; ಉದ್ಯೋಗದಲ್ಲಿಯೂ ಮೀಸಲಾತಿ ಬಂದಿತು. 2019ರಲ್ಲಿ ಆ ಪ್ರದೇಶಕ್ಕೆ ‘ಕಲ್ಯಾಣ ಕರ್ನಾಟಕ’ವೆಂಬ ಹೆಸರಾಯಿತು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿಗಳೊಂದಿಗೆ 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯೂ ಸೇರಿ ಇಂದು ಅಲ್ಲಿ ಏಳು ಜಿಲ್ಲೆಗಳಿವೆ. 371ಜೆ ಮೀಸಲಾತಿಯಲ್ಲಿ ವೈದ್ಯಕೀಯ ಸೀಟು ಪಡೆದ ಮಕ್ಕಳು ನಮ್ಮ ಬಂಧುಬಳಗದ ಅನೇಕ ಮನೆಗಳಲ್ಲಿದ್ದಾರೆ. ಆ ಸೀಟಿನ ಹಿಂದೆ ಹೋರಾಟಗಾರರ ಬೆವರೂ ತಜ್ಞರ ಲೆಕ್ಕವೂ ಬೆರೆತಿವೆ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಹಾಗಾದರೆ ಎಲ್ಲವೂ ಸರಿಹೋಯಿತೆ? ಹಾಗೆಂದು ಹೇಳುವ ಧೈರ್ಯ ಯಾರಿಗೂ ಇರಲಾರದು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದರೆ ಯಾದಗಿರಿ ಜಿಲ್ಲೆಯದು 51.83 ಮಾತ್ರ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾದಗಿರಿ ಜಿಲ್ಲೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಆ ಸ್ಥಾನ ಕಲಬುರಗಿಗೆ ಬಂದಿತು. ದಕ್ಷಿಣ ಕನ್ನಡದಲ್ಲಿ ಶೇಕಡಾ 91.12 ಮಕ್ಕಳು ತೇರ್ಗಡೆಯಾದರೆ ಕಲಬುರಗಿಯಲ್ಲಿ 42.43 ಮಕ್ಕಳು ಮಾತ್ರ ತೇರ್ಗಡೆಯಾದರು. ಹಣ ಬಂದಿದೆ, ಮಂಡಳಿ ಬಂದಿದೆ, ಸಂವಿಧಾನದ ವಿಧಿಯೂ ಬಂದಿದೆ. ಆದರೂ ಹತ್ತನೆಯ ತರಗತಿಯ ಮಗು ಸೋಲುತ್ತಿದೆ.

ಇದರ ಕಾರಣಗಳನ್ನು ಶೋಧಿಸಿದರೆ ತಜ್ಞರ ವರದಿಗಳ ಮಿತಿಯೂ ಗೋಚರಿಸುತ್ತದೆ. ಸೂಚ್ಯಂಕವು ಸೌಕರ್ಯಗಳನ್ನು ಚೆನ್ನಾಗಿ ಎಣಿಸುತ್ತದೆ: ಎಷ್ಟು ಶಾಲೆ, ಎಷ್ಟು ಹಾಸಿಗೆಗಳ ಆಸ್ಪತ್ರೆ, ಎಷ್ಟು ಕಿಲೋಮೀಟರ್ ರಸ್ತೆ. ಆ ಶಾಲೆಯಲ್ಲಿ ಗಣಿತದ ಮೇಷ್ಟ್ರು ಇದ್ದಾರೆಯೆ, ಆಸ್ಪತ್ರೆಯಲ್ಲಿ ರಾತ್ರಿ ವೈದ್ಯರು ಸಿಗುತ್ತಾರೆಯೆ ಎಂಬುದನ್ನು ಎಣಿಸುವುದು ಕಷ್ಟ. ಎಣಿಕೆಗೆ ಸಿಗುವುದಕ್ಕೆ ಹಣ ಬರುತ್ತದೆ. ಸಿಗದಿರುವುದು ಹಿಂದೆ ಉಳಿಯುತ್ತದೆ. ಹೀಗಾಗಿ ಕಟ್ಟಡಗಳು ಎದ್ದವು, ಶಿಕ್ಷಕರ ಹುದ್ದೆಗಳು ಖಾಲಿ ಉಳಿದವು.

ಎರಡನೆಯದು ಕಾಲದ ಮಾತು. ವೈದ್ಯರು ಇಪ್ಪತ್ತು ವರ್ಷಗಳ ಹಿಂದಿನ ರಕ್ತಪರೀಕ್ಷೆಯನ್ನು ಹಿಡಿದು ಇಂದು ಮಾತ್ರೆ ಬರೆದುಕೊಟ್ಟರೆ ನಾವು ಒಪ್ಪುತ್ತೇವೆಯೆ? ಆದರೆ 2002ರ ಸೂಚ್ಯಂಕವನ್ನೇ ಆಧಾರವಾಗಿಟ್ಟುಕೊಂಡು ತಾಲ್ಲೂಕುಗಳಿಗೆ ಹಣ ಹಂಚುವ ಪದ್ಧತಿ ಬಹುಕಾಲ ನಡೆಯಿತು. ಈ ನಡುವೆ ತಾಲ್ಲೂಕುಗಳು ಒಡೆದು ಇನ್ನೂರಿಪ್ಪತ್ತಕ್ಕೂ ಹೆಚ್ಚಾದವು, ಊರುಗಳ ಚಹರೆ ಬದಲಾಯಿತು, ಕೆಲವು ತಾಲ್ಲೂಕುಗಳಿಗೆ ಕಾಲುವೆಯ ನೀರು ಬಂದಿತು, ಕೆಲವು ಮೊದಲಿದ್ದಲ್ಲಿಯೇ ನಿಂತವು. ಕೊನೆಗೆ 2024ರಲ್ಲಿ ಸರ್ಕಾರವು ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನವನ್ನು ಮರುಪರಿಶೀಲಿಸುವ ಹೊಸ ಸಮಿತಿಯನ್ನು ರಚಿಸಿತು. ಅಳತೆಗೋಲನ್ನೂ ಆಗಾಗ ಅಳೆದು ನೋಡಬೇಕೆಂಬ ಪಾಠ ನಾಡಿಗೆ ತಡವಾಗಿಯಾದರೂ ದೊರೆಯಿತು.

ಮೂರನೆಯದು, ಶಿಫಾರಸು ಮಾಡುವವರು ಒಬ್ಬರು, ನಿರ್ಧರಿಸುವವರು ಮತ್ತೊಬ್ಬರು. ರಾಯಚೂರಿಗೆ ಐಐಟಿ ಬೇಕೆಂದು ಹೋರಾಡಿದವರು ನಂಜುಂಡಪ್ಪ ವರದಿಯನ್ನೇ ಮುಂದಿಟ್ಟಿದ್ದರು. 2016ರಲ್ಲಿ ಐಐಟಿ ಧಾರವಾಡದಲ್ಲಿ ಆರಂಭವಾಯಿತು. ರಾಯಚೂರಿಗೆ 2019ರಲ್ಲಿ ಐಐಐಟಿ ದೊರೆಯಿತು. ಧಾರವಾಡಕ್ಕೆ ಬಂದದ್ದು ತಪ್ಪೆಂದು ಯಾರೂ ಹೇಳಲಾರರು, ಅದೂ ಉತ್ತರ ಕರ್ನಾಟಕದ ವಿದ್ಯಾಕೇಂದ್ರವೇ. ಆದರೆ ರಾಯಚೂರಿನ ಜನರ ಮನಸ್ಸಿನಲ್ಲಿ ಉಳಿದ ನೋವು ಮುಂದೆ ಏಮ್ಸ್ ಆಸ್ಪತ್ರೆಗಾಗಿ 2022ರಲ್ಲಿ ಆರಂಭಿಸಿದ ದೀರ್ಘ ಧರಣಿಯಲ್ಲಿ ಪ್ರಕಟವಾಯಿತು. ವರದಿ ಎಂಬುದು ಹಕ್ಕುಪತ್ರವಲ್ಲ. ಅದನ್ನು ಹಿಡಿದು ಕೇಳುವ ಜನಬಲ, ಕೇಳಿಸಿಕೊಳ್ಳುವ ಆಡಳಿತ ಎರಡೂ ಬೇಕು.

ಎರಡು ವರದಿಗಳು, ಎರಡು ದಾರಿಗಳು

ಜನಬಲದ ಮಾತು ಬಂದಾಗ ಇನ್ನೆರಡು ವರದಿಗಳನ್ನು ನೆನೆಯಬೇಕು. 1981ರಲ್ಲಿ ಡಾ. ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯು ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನ ಸಲ್ಲಬೇಕೆಂದು ವರದಿ ನೀಡಿತು. ಭಾಷಾತಜ್ಞರ ಆ ಕಡತ ಮೂಲೆ ಸೇರುವಂತಿದ್ದಾಗ ಸಾಹಿತಿಗಳೂ ವಿದ್ಯಾರ್ಥಿಗಳೂ ಬೀದಿಗಿಳಿದರು, ಡಾ. ರಾಜಕುಮಾರರು ಚಳವಳಿಯ ಮುಂಚೂಣಿಗೆ ಬಂದ ಮೇಲೆ ಅದು ಮನೆಮನೆಯ ಮಾತಾಯಿತು. ಅಂಕಗಳ ಲೆಕ್ಕಾಚಾರದ ಒಣ ವರದಿಯೊಂದು ನಾಡಿನ ಸ್ವಾಭಿಮಾನದ ಸಂಕೇತವಾಗಿ ಬೆಳೆಯಿತು.

ಇದಕ್ಕೆ ವ್ಯತಿರಿಕ್ತವಾದದ್ದು ಪಶ್ಚಿಮ ಘಟ್ಟಗಳ ಕಥೆ. 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿಯೂ 2013ರಲ್ಲಿ ಕೆ. ಕಸ್ತೂರಿರಂಗನ್ ಅವರ ಸಮಿತಿಯೂ ಘಟ್ಟಗಳ ರಕ್ಷಣೆಗೆ ವರದಿ ನೀಡಿದವು. ಎರಡೂ ಸಮಿತಿಗಳ ಅಧ್ಯಕ್ಷರು ವಿಜ್ಞಾನಿಗಳಾಗಿ ಜಗನ್ಮಾನ್ಯರು. ಆದರೆ ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡಗಳ ಹಳ್ಳಿಗರಲ್ಲಿ ‘ನಮ್ಮ ಮನೆ, ತೋಟಗಳಿಗೆ ಕುತ್ತು ಬಂದೀತು’ ಎಂಬ ಭೀತಿ ಹಬ್ಬಿತು. ವರದಿಯಲ್ಲಿ ಇದ್ದುದೇನು, ಇಲ್ಲದ್ದೇನು ಎಂಬುದನ್ನು ಅವರ ನುಡಿಯಲ್ಲಿ ಕುಳಿತು ತಿಳಿಸುವ ಕಾರ್ಯ ಸಕಾಲದಲ್ಲಿ ನಡೆಯಲಿಲ್ಲ. ಗ್ರಾಮಸಭೆಗಳ ಅಭಿಪ್ರಾಯಕ್ಕೆ ಬೆಲೆ ಕೊಡಬೇಕೆಂದು ಗಾಡ್ಗೀಳರ ವರದಿಯೇ ಹೇಳಿದ್ದರೂ ಆ ಮಾತು ಗ್ರಾಮಗಳನ್ನು ತಲುಪಲಿಲ್ಲ. ರಾಜ್ಯ ಸರ್ಕಾರವು ಕಸ್ತೂರಿರಂಗನ್ ವರದಿಯನ್ನು ಒಪ್ಪಲಿಲ್ಲ. ಘಟ್ಟಗಳು ಮಳೆಗಾಲದಲ್ಲಿ ಕುಸಿಯುವುದು ಮಾತ್ರ ನಿಲ್ಲಲಿಲ್ಲ.

ಗೋಕಾಕ್ ವರದಿಗೆ ಜನ ಹೆಗಲು ಕೊಟ್ಟರು. ಘಟ್ಟದ ವರದಿಗಳಿಗೆ ಜನ ಬೆನ್ನು ತಿರುಗಿಸಿದರು. ನಂಜುಂಡಪ್ಪ ವರದಿ ಇವೆರಡರ ನಡುವೆ ನಿಲ್ಲುತ್ತದೆ. ಅದರ ಹೆಸರನ್ನು ಎಲ್ಲರೂ ಬಲ್ಲರು, ಒಳಗಿನ ಪುಟಗಳನ್ನು ಓದಿದವರು ವಿರಳ. ತಜ್ಞನ ಜ್ಞಾನವೂ ಜನರ ಅನುಭವವೂ ಒಂದನ್ನೊಂದು ಸಂಧಿಸದಿದ್ದರೆ ಎರಡೂ ಬಡವಾಗುತ್ತವೆ ಎಂಬುದಕ್ಕೆ ಈ ಮೂರೂ ಸಾಕ್ಷಿ.

ನಮ್ಮ ಪಾಲಿನ ಕರ್ತವ್ಯ

ಇಂದು ಸರ್ಕಾರಕ್ಕೆ ಸಲಹೆ ನೀಡುವ ಸಂಸ್ಥೆಗಳ ಸಂಖ್ಯೆ ಬೆಳೆದಿದೆ. ಕೆಲವು ಸಾರ್ವಜನಿಕ ಹಣದಿಂದ ನಡೆಯುತ್ತವೆ, ಕೆಲವು ಉದ್ಯಮಗಳ ನೆರವಿನಿಂದ, ಕೆಲವು ರಾಜಕೀಯ ಒಲವಿನಿಂದ. ಕೃಷಿ ಬೆಲೆ, ವಿದ್ಯುತ್ ದರ, ಪಠ್ಯಕ್ರಮ, ಮೀಸಲಾತಿ ಎಲ್ಲದರಲ್ಲಿಯೂ ಅವರ ಮಾತಿದೆ. ಅವರನ್ನು ಕುರುಡಾಗಿ ನಂಬುವುದೂ ಬೇಡ, ಕುಹಕದಿಂದ ತಳ್ಳಿಹಾಕುವುದೂ ಬೇಡ. ಯಾವುದೇ ವರದಿ ಬಂದಾಗ ಮನೆಯಲ್ಲಿ ಕುಳಿತೇ ಕೆಲವು ಪ್ರಶ್ನೆಗಳನ್ನು ಕೇಳಬಹುದು. ಇದನ್ನು ಬರೆಸಿದವರು ಯಾರು, ಇದಕ್ಕೆ ಹಣ ಕೊಟ್ಟವರು ಯಾರು? ಯಾವುದನ್ನು ಅಳೆದಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ? ಯಾರ ಮಾತನ್ನು ಕೇಳಿದ್ದಾರೆ? ಹೇಳಿದ್ದು ಆಗಿದೆಯೆ ಎಂದು ಮುಂದೆ ನೋಡುವವರು ಯಾರು?

ಕೊನೆಯ ಪ್ರಶ್ನೆಗೆ ಉತ್ತರ ನಾವೇ ಆಗಬೇಕು. 2005ರಿಂದ ಮಾಹಿತಿ ಹಕ್ಕಿನ ಕಾನೂನು ಜಾರಿಯಲ್ಲಿದೆ. ನಮ್ಮ ತಾಲ್ಲೂಕಿಗೆ ಎಷ್ಟು ಹಣ ಮಂಜೂರಾಯಿತು, ಎಷ್ಟು ಖರ್ಚಾಯಿತು, ಎಷ್ಟು ಮರಳಿ ಹೋಯಿತು, ನಮ್ಮೂರ ಪ್ರೌಢಶಾಲೆಯಲ್ಲಿ ಎಷ್ಟು ಹುದ್ದೆ ಖಾಲಿ ಇವೆ ಎಂದು ಕೇಳುವ ಅಧಿಕಾರ ಸಾಮಾನ್ಯ ಪ್ರಜೆಗೂ ಇದೆ. ಗ್ರಾಮಸಭೆ ನಡೆದಾಗ ಮನೆಯ ಹಿರಿಯರೊಂದಿಗೆ ತಾಯಂದಿರೂ ಹೋಗಿ ಕುಳಿತು ಈ ಲೆಕ್ಕ ಕೇಳಿದರೆ ಸಾವಿರ ಪುಟಗಳ ವರದಿಗೆ ಜೀವ ಬರುತ್ತದೆ. ಜಾತ್ರೆ, ಪುರಾಣ ಪ್ರವಚನಗಳಿಗೆ ಊರೇ ನೆರೆಯುವ ನಮ್ಮಲ್ಲಿ ಒಂದು ಸಂಜೆಯನ್ನು ಊರಿನ ಶಾಲೆಯ ವಿಚಾರಕ್ಕೆ ಮೀಸಲಿಡುವುದು ಕಷ್ಟವೇನಲ್ಲ. ನಮ್ಮ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಅಧ್ಯಾಪಕರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. ಅವರು ತಮ್ಮ ತಾಲ್ಲೂಕಿನ ಸ್ಥಿತಿಗತಿಯನ್ನು ವರ್ಷಕ್ಕೊಮ್ಮೆ ಅಳೆದು ಕನ್ನಡದಲ್ಲಿ ಬರೆದು ಊರವರ ಮುಂದೆ ಓದಿದರೆ ಅದಕ್ಕಿಂತ ದೊಡ್ಡ ಜ್ಞಾನದಾಸೋಹ ಮತ್ತೊಂದಿಲ್ಲ.

ಅನುಭವ ಮಂಟಪದಲ್ಲಿ ವಿದ್ವಾಂಸನೊಡನೆ ಅಂಬಿಗನೂ ಮಡಿವಾಳನೂ ಸಮಗಾರನೂ ಕುಳಿತು ವಿಚಾರ ಮಾಡಿದರೆಂಬುದು ನಮ್ಮೆಲ್ಲರ ಹೆಮ್ಮೆ. ಅರಿವು ಒಬ್ಬರ ಸೊತ್ತಲ್ಲ, ದುಡಿಯುವವನ ಅನುಭವವೂ ಅರಿವೇ ಎಂಬ ಆ ತಿಳಿವಳಿಕೆಯನ್ನು ಇಂದಿನ ಸಮಿತಿಗಳ ಕೊಠಡಿಗೂ ಕೊಂಡೊಯ್ಯಬೇಕಾಗಿದೆ. ಹೊಸ ಸೂಚ್ಯಂಕಗಳು ಬರುತ್ತವೆ, ಹೊಸ ಪಟ್ಟಿಗಳು ಪ್ರಕಟವಾಗುತ್ತವೆ. ಮುಂದಿನ ಪಟ್ಟಿಯಲ್ಲಿ ಬಾಗೇವಾಡಿಯ ಹೆಸರೂ ಬಸವಕಲ್ಯಾಣದ ಹೆಸರೂ ಎಲ್ಲಿರಬೇಕೆಂಬುದನ್ನು ತಜ್ಞರೊಬ್ಬರೇ ನಿರ್ಧರಿಸಲಾರರು. ಅಲ್ಲಿಯ ಶಾಲೆಯ ಹಲಗೆಯ ಮುಂದೆ ಇಂದು ಕುಳಿತಿರುವ ಮಗುವಿಗೆ ಗಣಿತ ಹೇಳಿಕೊಡುವವರು ಬಂದಿದ್ದಾರೆಯೆ ಎಂದು ನಾಳೆ ಬೆಳಿಗ್ಗೆ ಹೋಗಿ ನೋಡುವವರು ಯಾರೋ, ಅವರು ನಿರ್ಧರಿಸುತ್ತಾರೆ.